ತಮ್ಮನಿಗೆ ಮಾಲಿ ದೇಶದಲ್ಲಿ ಕೆಲಸ ಸಿಕ್ಕಿದೆ, ಕಳಿಸಬಹುದಾ? ಅಲ್ಲಿದ್ದು ಬಂದವರು ಹೇಳಿ

ಸರಸ್ವತಿಪುರಂ ಅಕ್ಕ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಮಂಡ್ಯ ಸುತ್ತಮುತ್ತ ರೈಸ್ ಮಿಲ್‌ಗಳಿಗೆ ಮೆಷಿನ್ ಕೂರಿಸೋದು, ಸರ್ವೀಸ್ ಮಾಡೋದು, ಈ ಕೆಲಸದಲ್ಲಿದ್ದಾನೆ. ಸಂಬಳ ಅಷ್ಟಕ್ಕಷ್ಟೆ. ಈಗ ಏಜೆಂಟ್ ಒಬ್ಬರು ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ಇದೇ ಕೆಲಸ ಕೊಡಿಸ್ತೀನಿ, ಇಲ್ಲಿಯ ಮೂರು ಪಟ್ಟು ಸಂಬಳ, ಊಟ-ವಸತಿ ಕಂಪನಿಯದೇ ಅಂತಿದ್ದಾರೆ. ಊರಿನ ಹೆಸರು ಸೆಗು ಅಂತೆ. "ಪಕ್ಕದಲ್ಲೇ ದೊಡ್ಡ ಹೊಳೆ, ಸುತ್ತ ಬರೀ ಗದ್ದೆ, ಥೇಟ್ ಮಂಡ್ಯ" ಅಂತ ಹೇಳಿ ಇವನ ತಲೆ ಕೆಡಿಸಿದ್ದಾರೆ.

ಅಮ್ಮ ಮೊದಲು ಮಾಲ್ಡೀವ್ಸ್ ಅಂದ್ಕೊಂಡು ಸುಮ್ಮನಿದ್ದರು. ಮ್ಯಾಪಿನಲ್ಲಿ ತೋರಿಸಿದ ಮೇಲೆ ರಾತ್ರಿ ಊಟ ಬಿಟ್ಟರು. ಸುತ್ತ ಏಳು ದೇಶ, ಒಂದು ಕಡೆಯೂ ಸಮುದ್ರ ಇಲ್ಲ, ಮೇಲ್ಭಾಗ ಪೂರ್ತಿ ಸಹಾರಾ. ಅಂಥ ಕಡೆ ಭತ್ತ ಎಲ್ಲಿಂದ ಬಂತು ಅನ್ನೋದೇ ನನಗೂ ಹೊಳೀತಿಲ್ಲ. ಜನ ಎಂಥವರು, ಏನು ತಿಂತಾರೆ, ಆ ದೇಶಕ್ಕೆ ದುಡ್ಡು ಯಾವುದರಿಂದ ಬರತ್ತೆ, ಸಂಬಳ ಅಲ್ಲಿನ ಕರೆನ್ಸಿಯಲ್ಲೇ ಕೊಟ್ಟರೆ ಗತಿ ಏನು? ಇದ್ದು ಬಂದವರ ಮಾತು ಬೇಕು.

ಕುವೆಂಪುನಗರ ಕಿಟ್ಟಿ

ಮರಳುಗಾಡು, ಬಂದೂಕು, ಮಲೇರಿಯಾ. ಮೂರು ಪಟ್ಟು ಯಾಕೆ ಕೊಡ್ತಾರೆ ಅಂತ ಯೋಚನೆ ಮಾಡಿ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲೇ ಏನಾದ್ರೂ ನೋಡ್ಕೊಳ್ಳೋಕೆ ಹೇಳಿ.

ಕೊನೇ ಭಾಗದ ರೈತ, ಮದ್ದೂರು

ಅಕ್ಕ, ನಾನು ಇದ್ದು ಬಂದವನು. ನಮ್ಮೂರು ಮದ್ದೂರು ತಾಲ್ಲೂಕು, ವಿಶ್ವೇಶ್ವರಯ್ಯ (ವಿಸಿ) ನಾಲೆಯ ಕೊನೇ ಭಾಗ. 2015ರಲ್ಲಿ ಹೋಗಿ ಸೆಗು, ನಿಯೋನೊ ಎರಡೂ ಕಡೆ ಡೀಸೆಲ್ ಪಂಪು, ಸಣ್ಣ ರೈಸ್ ಮಿಲ್ಲು ರಿಪೇರಿ ಮಾಡ್ಕೊಂಡು ಕೆಲವು ವರ್ಷ ಇದ್ದೆ. ನಿಮ್ಮ ತಮ್ಮನ ಕೆಲಸವೇ ಅನ್ನಿ. ಕಳಿಸಬಹುದಾ ಅನ್ನೋದನ್ನ ಕೊನೆಗೆ ಹೇಳ್ತೀನಿ. ಮೊದಲು ಆ ಮರಳುಗಾಡಿನ ಕಥೆ ಮುಗಿಸಾಣ.

ಕಿಟ್ಟಿ ಅವರು ಹೇಳಿದ ಮರಳುಗಾಡು ಇರೋದು ನಿಜ. ದೇಶದ ವಿಸ್ತೀರ್ಣ 12 ಲಕ್ಷ 40 ಸಾವಿರ ಚದರ ಕಿಲೋಮೀಟರ್, ನಮ್ಮ ಕರ್ನಾಟಕದಂಥವು ಆರು ಹಿಡಿಸಿ ಇನ್ನೂ ಜಾಗ ಉಳೀತದೆ. ಅದರಲ್ಲಿ ಮೇಲಿನ ಮೂರನೇ ಎರಡು ಭಾಗ ಹೆಚ್ಚೂಕಮ್ಮಿ ಖಾಲಿ. ಟಿಂಬಕ್ಟು ಅಂತ ಕೇಳಿರ್ತೀರಲ್ಲ, ಅದು ಆ ಕಡೆಗೆ. ಅಲ್ಲಿಂದ ಇನ್ನೂ ಮೇಲಕ್ಕೆ ಟವುಡೆನ್ನಿ ಅನ್ನೋ ಕಡೆ ನೆಲದಿಂದ ಉಪ್ಪಿನ ಹಲಗೆ ಕಡಿದು ತರ್ತಾರೆ, ಈಗಲೂ ಒಂಟೆ ಮೇಲೆ ಹೇರ್ಕೊಂಡು ಬರೋರು ಇದ್ದಾರೆ. ನಾನು ಆ ಕಡೆ ತಲೆ ಹಾಕಿಲ್ಲ, ಯಾರೂ ಬಿಡ್ತಾನೂ ಇರಲಿಲ್ಲ. ಹತ್ತರಲ್ಲಿ ಒಂಬತ್ತು ಜನ ಇರೋದು ಕೆಳಗಡೆ, ಹೊಳೆ ಇರೋ ಕಡೆ, ಮಳೆ ಬೀಳೋ ಕಡೆ.

ಆ ಹೊಳೆ ನೈಜರ್. ಇದರ ಬುದ್ಧಿ ನಮ್ಮ ಕಾವೇರಿಯದೇ. ತಲಕಾವೇರಿಯಿಂದ ಅರಬ್ಬೀ ಸಮುದ್ರ ಕೂಗಳತೆ ದೂರದಲ್ಲಿದ್ರೂ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಡ್ತಾಳಲ್ಲ, ನೈಜರ್ ಕೂಡ ಗಿನಿ ದೇಶದ ಬೆಟ್ಟದಲ್ಲಿ, ಅಟ್ಲಾಂಟಿಕ್ ಸಮುದ್ರದಿಂದ 240 ಕಿಲೋಮೀಟರಲ್ಲಿ ಹುಟ್ಟಿ, ಸಮುದ್ರ ಬಿಟ್ಟು ಸಹಾರಾ ಕಡೆ ನಡೀತದೆ. ಟಿಂಬಕ್ಟು ಹತ್ರ ಹೋಗಿ, ಬಳಸ್ಕೊಂಡು, ನೈಜರ್ ದೇಶ, ನೈಜೀರಿಯಾ ದಾಟಿ ಸಮುದ್ರ ಸೇರೋ ಹೊತ್ತಿಗೆ 4,180 ಕಿಲೋಮೀಟರ್. ಮಾಲಿಯೊಳಗೇ 1,700 ಕಿಲೋಮೀಟರ್ ಹರೀತದೆ. ಅದಿಲ್ಲದಿದ್ರೆ ಆ ದೇಶವೇ ಇಲ್ಲ ಬುಡಿ.

ಈಗ ಭತ್ತ ಎಲ್ಲಿಂದ ಬಂತು ಅಂತ ಕೇಳಿದ್ರಲ್ಲ. ಸೆಗು ದಾಟಿ ಒಂದು ಮೂವತ್ತೈದು ಕಿಲೋಮೀಟರ್ ಹೋದ್ರೆ ಮಾರ್ಕಲಾ ಅಂತ ಊರು. ಅಲ್ಲಿ ಫ್ರೆಂಚರು 1934ರಲ್ಲಿ ಅಣೆಕಟ್ಟು ಕಟ್ಟೋಕೆ ಶುರು ಮಾಡಿ 1947ಕ್ಕೆ ಮುಗಿಸಿದ್ರು. ಕೆಆರ್‌ಎಸ್ ಥರ ನೀರು ತುಂಬಿಸಿ ಇಟ್ಕೊಳ್ಳೋ ಡ್ಯಾಮ್ ಅಲ್ಲ ಅದು. ಹೊಳೆ ನೀರನ್ನ ಐದೂವರೆ ಮೀಟರ್ ಎತ್ತರಿಸಿ ನಾಲೆಗೆ ತಿರುಗಿಸೋ ಕಟ್ಟೆ ಅಷ್ಟೆ. ಆಮೇಲೆ ಎಲ್ಲ ನೀರೂ ತಾನೇ ಇಳಿದು ಹೋಗೋದು, ಒಂದು ಪಂಪೂ ಬೇಕಾಗಿಲ್ಲ. ಹಳೇ ಕಾಲದಲ್ಲಿ ನೈಜರ್ ಹರಿದು ಬತ್ತಿ ಹೋಗಿದ್ದ ಜಾಡುಗಳನ್ನೇ ನಾಲೆ ಮಾಡ್ಕೊಂಡಿದ್ದಾರೆ. ಇದನ್ನ ನಡೆಸೋ ಸಂಸ್ಥೆ ಆಫೀಸ್ ದು ನೀಜೆರ್, ಶುರುವಾಗಿದ್ದು 1932. ನಮ್ಮ ಮಂಡ್ಯದ ಮೈಶುಗರ್ ಸಕ್ಕರೆ ಕಾರ್ಖಾನೆ ಹುಟ್ಟಿದ್ದು 1933. ಅಂದ್ರೆ ಇರ್ವಿನ್ ನಾಲೆ (ಈಗಿನ ವಿಸಿ ನಾಲೆ) ನೀರು ನಮ್ಮ ಮುತ್ತಾತಂದಿರ ಹೊಲಕ್ಕೆ ಬಂದ ಕಾಲದಲ್ಲೇ ಅಲ್ಲೂ ನಾಲೆ ತೋಡ್ತಿದ್ರು. ವ್ಯತ್ಯಾಸ ಏನಂದ್ರೆ, ಅಲ್ಲಿ ತೋಡಿಸಿದ್ದು ಬಲವಂತದ ಕೂಲಿಯಿಂದ. ಈಗಿನ ಬುರ್ಕಿನಾ ಫಾಸೊ ಕಡೆಯಿಂದ ಜನರನ್ನ ಹಿಡಿದು ತಂದು ನಾಲೆ ಪಕ್ಕ ಊರು ಕಟ್ಟಿ ಕೂರಿಸಿದ್ರು, ಫ್ರಾನ್ಸಿನ ಮಿಲ್ಲುಗಳಿಗೆ ಹತ್ತಿ ಬೆಳೀರಿ ಅಂತ. ಹತ್ತಿ ಅಲ್ಲಿ ನಿಲ್ಲಲಿಲ್ಲ, ಭತ್ತ ನಿಂತ್ಕೊಳ್ತು. ಸುಮಾರು 10 ಲಕ್ಷ ಹೆಕ್ಟೇರಿಗೆ ನೀರು ಕೊಡ್ತೀವಿ ಅಂತ ಹೊರಟಿದ್ರು, ಇವತ್ತಿಗೂ ಆಗಿರೋದು 1 ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ.

ನಿಯೋನೊದಲ್ಲಿ ನಾಲೆ ಏರಿ ಮೇಲೆ ಸ್ಕೂಟರಲ್ಲಿ ಹೋಗುವಾಗ ಎರಡೂ ಕಡೆ ಹಸಿರು, ಎತ್ತಿನ ಉಳುಮೆ, ನಾಟಿ ಹಾಕೋ ಹೆಂಗಸರು. ಏಜೆಂಟ್ ಹೇಳಿದ್ದು ಸುಳ್ಳಲ್ಲ. ಆದ್ರೆ ಆ ಗದ್ದೆ ಯಾವ ರೈತನದೂ ಅಲ್ಲ ಕಣಕ್ಕ. ಜಮೀನು ಸರ್ಕಾರದ್ದು, ಸಂಸ್ಥೆ ಹಂಚುತ್ತೆ, ಬೆಳೆ ಬಂದ ಮೇಲೆ ರೈತ ನೀರಿನ ಕಂದಾಯ ಕಟ್ಟಬೇಕು. ಕಟ್ಟದಿದ್ರೆ ಗದ್ದೆಯಿಂದಲೇ ಎಬ್ಬಿಸ್ತಾರೆ. ನಮ್ಮಲ್ಲಿ ನೀರಿನ ಕರ ಎಷ್ಟು ವರ್ಷದಿಂದ ಬಾಕಿ ಐತೆ ಅಂತ ಲೆಕ್ಕ ಇಟ್ಟವರಿಲ್ಲ. ನಾನು ಒಬ್ಬ ರೈತನಿಗೆ ಇದನ್ನ ಹೇಳಿದಾಗ ಅವನು ನಂಬಲೇ ಇಲ್ಲ.

ಕಬ್ಬೂ ಇದೆ. ಡುಗಾಬುಗು, ಸಿರಿಬಾಲಾ ಎರಡು ಕಡೆ ಚೀನಾದವರು ಕಟ್ಟಿದ ಸಕ್ಕರೆ ಕಾರ್ಖಾನೆ, ಆಮೇಲೆ ಇನ್ನೂ ಒಂದು ಬಂತು. ಅದೇ ನಾಲೆ ನೀರು. ಆದ್ರೂ ದೇಶಕ್ಕೆ ಸಾಲೋದಿಲ್ಲ, ಸಕ್ಕರೆ ಹೊರಗಿಂದ ತರಿಸ್ತಾರೆ. ಅವರು ಟೀಗೆ ಹಾಕೋ ಸಕ್ಕರೆ ನೋಡಿದ್ರೆ ಎಷ್ಟು ಕಾರ್ಖಾನೆ ಇದ್ರೂ ಸಾಲದು ಬುಡಿ. ಹಸಿರು ಟೀ, ಇದ್ದಿಲ ಒಲೆ ಮೇಲೆ ಪುಟ್ಟ ಕೆಟಲು, ಮೂರು ಸುತ್ತು ಕೊಡ್ತಾರೆ, ಮೊದಲನೇದು ವಿಷದಷ್ಟು ಕಹಿ, ಮೂರನೇದು ಪಾನಕ. ಮೂರೂ ಕುಡೀದೆ ಏಳಂಗಿಲ್ಲ. ರಿಪೇರಿಗೆ ಅಂತ ಹೋದ ಕಡೆ ಅರ್ಧ ಹೊತ್ತು ಇದಕ್ಕೇ ಹೋಗ್ತಿತ್ತು.

ಊಟ: ಪಟ್ಟಣದಲ್ಲಿ ಅನ್ನ, ಹಳ್ಳಿಯಲ್ಲಿ ತೋ. ಸಜ್ಜೆ ಇಲ್ಲಾ ಜೋಳದ ಹಿಟ್ಟನ್ನ ಕುದಿಯೋ ನೀರಿಗೆ ಹಾಕಿ ದೊಡ್ಡ ಕೋಲಲ್ಲಿ ತಿರುವಿ ಮಾಡೋದು. ನಮ್ಮ ಮುದ್ದೆಗೆ ಅಣ್ಣನೋ ತಮ್ಮನೋ ಅನ್ನಬಹುದು, ಆದ್ರೆ ಸ್ವಲ್ಪ ಮೆತ್ತಗೆ. ನೆಂಚ್ಕೊಳ್ಳೋಕೆ ಬೆಂಡೆಕಾಯಿ ಸಾರು ಇಲ್ಲಾ ಬಾವೊಬಾಬ್ ಸೊಪ್ಪಿನ ಸಾರು. ಹಾವೇರಿ ಜಿಲ್ಲೆ ಸವಣೂರಲ್ಲಿ ದೊಡ್ಡಹುಣಸೆ ಮರ ಅಂತ ತೋರಿಸ್ತಾರಲ್ಲ, ಅದೇ ಮರ. ಎಲೆ ಒಣಗಿಸಿ ಪುಡಿ ಮಾಡಿ ವರ್ಷಪೂರ್ತಿ ಇಟ್ಕೊಳ್ತಾರೆ. ಒಂದೇ ದೊಡ್ಡ ಬಟ್ಟಲು, ಸುತ್ತ ಕೂತು ಎಲ್ಲರೂ ಬಲಗೈಯಲ್ಲಿ. ನಿಮ್ಮ ತಮ್ಮ ಮಂಡ್ಯದಲ್ಲಿ ಮುದ್ದೆ ಮುರಿದವನಾದ್ರೆ ಊಟದ ಚಿಂತೆ ಬೇಡ.

ಜನ ಒಳ್ಳೇವರು, ತಮಾಷೆಯವರು. ಬಂಬಾರಾ, ಫುಲಾನಿ, ಸೊನಿಂಕೆ, ಡೋಗೊನ್, ಸೊಂಘಾಯ್ ಅಂತ ಬಹಳ ಪಂಗಡ, ಹೆಚ್ಚಿನವರು ಮುಸ್ಲಿಮರು. ಒಂದು ಮನೆತನದವರು ಇನ್ನೊಂದು ಮನೆತನದವರನ್ನ ಬಾಯಿಗೆ ಬಂದಂಗೆ ಹಾಸ್ಯ ಮಾಡಬಹುದು, ಸಿಟ್ಟು ಮಾಡ್ಕೊಳ್ಳಂಗಿಲ್ಲ, ಅದು ಅಲ್ಲಿನ ಕಟ್ಟಳೆ. ಟ್ರಾವೊರೆ ಮನೆಯವನಿಗೆ ಡಿಯಾರಾ ಮನೆಯವನು ಸಿಕ್ಕಿದ್ರೆ ಮೊದಲು ಬೈಗುಳ, ಆಮೇಲೆ ಕುಶಲ. ಪರದೇಶದವರಿಗೂ ಒಂದು ಮನೆತನದ ಹೆಸರು ಕೊಟ್ಟುಬಿಡ್ತಾರೆ. ನನಗೆ ಕುಲಿಬಾಲಿ ಅಂತ ಇಟ್ರು. ಎಲ್ಲಿ ಹೋದ್ರೂ "ಕುಲಿಬಾಲಿನಾ? ಕಾಳು ತಿನ್ನೋನು!" ಅಂತ ನಗೋರು, ಅದು ದೊಡ್ಡ ಗೇಲಿ ಅವರಿಗೆ. ಅವರೆಕಾಳು ಸೀಸನ್ನಿಗೆ ಕಾಯೋ ನಾನು ಹೌದು ತಿಂತೀನಿ, ದಿನಾ ತಿಂತೀನಿ ಅಂದ್ರೆ ಬಿದ್ದು ಬಿದ್ದು ನಗೋರು. ಚೆಕ್‌ಪೋಸ್ಟಲ್ಲಿ ಸಿಡುಕು ಮುಖದ ಪೊಲೀಸಪ್ಪನೂ ಇದಕ್ಕೆ ನಕ್ಕು ಬಿಟ್ಟಿದ್ದಾನೆ.

ಮಾರ್ಕೆಟ್ಟಲ್ಲಿ ಮೊದಮೊದಲು ತಲೆ ಕೆಡ್ತದೆ. ಬಂಬಾರಾದಲ್ಲಿ ದುಡ್ಡನ್ನ ಐದೈದು ಫ್ರಾಂಕಿನ ಲೆಕ್ಕದಲ್ಲಿ ಹೇಳ್ತಾರೆ. ಅವರು ಇಪ್ಪತ್ತು ಅಂದ್ರೆ ನೀವು 100 ಫ್ರಾಂಕ್ ಕೊಡಬೇಕು. ಈರುಳ್ಳಿ ಮಾರೋ ಅಜ್ಜಿ ಮನಸ್ಸಲ್ಲೇ ಗುಣಿಸಿ ಚಿಲ್ಲರೆ ಎಣಿಸೋದು ನೋಡಿ ನನ್ನ ಡಿಪ್ಲೊಮಾ ಗಣಿತ ನಾಚ್ಕೋಬೇಕು. ಅಂದಹಾಗೆ ನಿಯೋನೊ ಕಡೆ ಭತ್ತ ಕೊಯ್ದ ಮೇಲೆ ಅದೇ ಗದ್ದೇಲಿ ಈರುಳ್ಳಿ ಹಾಕ್ತಾರೆ, ಅದರಲ್ಲಿ ಹೆಂಗಸರ ಕೈ ಮೇಲು.

ಇನ್ನು ಸಮುದ್ರ ಇಲ್ಲದಿದ್ರೆ ಏನಾಗ್ತದೆ ಅಂತ. ಇದನ್ನ ನಿಮ್ಮ ತಮ್ಮನಿಗೆ ಅವನ ಭಾಷೇಲೇ ಹೇಳ್ತೀನಿ. ರಬ್ಬರ್ ರೋಲ್ ಶೆಲ್ಲರ್ ಗೊತ್ತಲ್ಲ ಅವನಿಗೆ, ಎರಡು ರೋಲಿನ ಮಧ್ಯೆ ಭತ್ತ ಹೋಗಿ ಹೊಟ್ಟು ಬಿಡೋದು. ಅಕ್ಕಿ ನುಚ್ಚಾಗಲ್ಲ, ಆದ್ರೆ ರಬ್ಬರ್ ಸವೀತದೆ. ಮಂಡ್ಯದಲ್ಲಿ ಸವೆದ್ರೆ ಏನ್ ಮಾಡ್ತೀವಿ? ಫೋನ್ ಹಾಕಿದ್ರೆ ಸಂಜೆ ಒಳಗೆ ಬಸ್ಸಲ್ಲಿ ಬರ್ತದೆ. ಅಲ್ಲಿ ನಮ್ಮ ಮಾಲೀಕ ಒಂದು ಒಳ್ಳೇ ರಬ್ಬರ್ ರೋಲ್ ಮಿಲ್ಲು ಹಾಕಿದ್ದ. ಏಪ್ರಿಲ್ ಬಿಸಿಲು 40 ಡಿಗ್ರಿ ದಾಟ್ತದೆ, ಆ ಕಾವಿಗೆ ರಬ್ಬರ್ ಇನ್ನೂ ಬೇಗ ಹೋಗ್ತದೆ. ರೋಲ್ ಮುಂಬೈಯಿಂದ ಹಡಗಲ್ಲಿ ಸೆನೆಗಲ್ ದೇಶದ ಡಾಕರ್, ಅಲ್ಲಿ ಬಂದರಿನಲ್ಲಿ ಕಾಯ್ತಾ ಕೂರಬೇಕು, ಆಮೇಲೆ ಲಾರಿ, ಸೆನೆಗಲ್ ಗಡೀಲಿ ಕಿಡಿರಾ ಅಂತ ಊರು, ಹೊಳೆ ದಾಟಿದ್ರೆ ಮಾಲಿ ಕಡೆ ಡಿಬೊಲಿ, ಎರಡೂ ಕಡೆ ಕಾಗದ, ಆಮೇಲೆ ಕೇಯ್ಸ್, ಆಮೇಲೆ ರಾಜಧಾನಿ ಬಮಾಕೊ, ಮತ್ತೆ ನಮ್ಮ ತನಕ. ರೋಲಿನ ಬೆಲೆಗಿಂತ ಬಾಡಿಗೆ ಜಾಸ್ತಿ. ಅದು ಬರೋ ಹೊತ್ತಿಗೆ ಸುಗ್ಗಿ ಮುಗಿದಿರ್ತಿತ್ತು, ಮಿಲ್ಲು ಬಾಗಿಲು ಹಾಕ್ಕೊಂಡು ಕೂತಿರ್ತಿತ್ತು.

ಪಕ್ಕದ ಓಣೀಲಿ ಒಬ್ಬ ಮುದುಕ ಎಂಗಲ್‌ಬರ್ಗ್ ಮಿಲ್ಲು ಇಟ್ಕೊಂಡಿದ್ದ. ಅದೇ, ನಮ್ಮ ಹಳ್ಳಿಗಳಲ್ಲಿ ಮೊದಲು ಇದ್ವಲ್ಲ, ಉಕ್ಕಿನ ಹಲ್ಲರ್, ಟಕಟಕ ಅಂತ. ಅಕ್ಕಿ ಅರ್ಧಕ್ಕರ್ಧ ನುಚ್ಚು. ಆದ್ರೆ ಸವೆಯೋ ಭಾಗ ಎಲ್ಲ ಅಲ್ಲಿನ ಕಮ್ಮಾರರೇ ಬಡಿದು ಮಾಡಿ ಕೊಡ್ತಾರೆ, ಡೀಸೆಲ್ ಹಾಕಿದ್ರೆ ಓಡ್ತದೆ. ನುಚ್ಚನ್ನ ಹೆಂಗಸರು ಜರಡಿ ಹಿಡಿದು ಬೇರೆ ಮಾಡಿ ಬೇರೆ ರೇಟಿಗೆ ಮಾರ್ತಿದ್ರು. ಮುದುಕ ವರ್ಷಪೂರ್ತಿ ದುಡಿದ, ನಮ್ಮ ಮಾಲೀಕ ಸಾಲ ಮಾಡ್ಕೊಂಡ. ನಿಯೋನೊ ಸುತ್ತ ಎಲ್ಲಿ ನೋಡಿದ್ರೂ ಆ ಹಲ್ಲರೇ ಯಾಕಿದೆ ಅಂತ ನಮ್ಮ ಕಂಪನಿ ದೊಡ್ಡೋರು ಜನಕ್ಕೆ ತಿಳುವಳಿಕೆ ಸಾಲದು ಅಂತಿದ್ರು. ತಿಳುವಳಿಕೆ ಸಾಲದಿದ್ದದ್ದು ಯಾರಿಗೆ ಅಂತ ನೀವೇ ಹೇಳಿ.

ಕೈ ನೋಯ್ತು, ಮಿಕ್ಕಿದ್ದು ರಾತ್ರಿ ಬರೀತೀನಿ.

ನಿವೃತ್ತ ಭೂಗೋಳ ಮೇಷ್ಟ್ರು, ಜಯಲಕ್ಷ್ಮೀಪುರಂ

ಮದ್ದೂರಿನವರ ಬರಹ ಓದಿ ಸಂತೋಷವಾಯಿತು. ಅವರು ಕೈಯಾರೆ ಕಂಡದ್ದಕ್ಕೆ ಒಂದೆರಡು ಅಂಶ ಸೇರಿಸುತ್ತೇನೆ.

ಮಾರ್ಕಲಾದ ಕೆಳಗೆ ನೈಜರ್ ಒಂದು ವಿಚಿತ್ರ ಕೆಲಸ ಮಾಡುತ್ತದೆ. ಸಮುದ್ರದಿಂದ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿ, ಬರಡು ನೆಲದ ನಡುವೆ, ಕವಲು ಕವಲಾಗಿ ಹರಡಿಕೊಂಡು ಒಳನಾಡಿನ ಮುಖಜಭೂಮಿಯಾಗುತ್ತದೆ. ಮೋಪ್ಟಿ ಪಟ್ಟಣ ಅದರ ಅಂಚಿನಲ್ಲಿದೆ. ಗಿನಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದ ಮಳೆ ಇಲ್ಲಿಗೆ ನಿಧಾನವಾಗಿ ಬಂದು ತಿಂಗಳುಗಟ್ಟಲೆ ನಿಲ್ಲುತ್ತದೆ. ನೀರು ಏರಿದಾಗ ಬೋಜೊ ಜನರಿಗೆ ಮೀನು, ಇಳಿದಾಗ ಫುಲಾನಿಗಳ ದನಕ್ಕೆ ಬುರ್ಗು ಹುಲ್ಲು, ಅದೇ ಕೆಸರಿನಲ್ಲಿ ಭತ್ತ. ಒಂದೇ ನೆಲ, ಮೂವರು ಒಡೆಯರು, ಸರದಿಯ ಮೇಲೆ. ದಿಯಾಫರಾಬೆ ಎಂಬಲ್ಲಿ ದನಗಳು ಹೊಳೆ ಈಜಿ ದಾಟುವ ದಿನವನ್ನು ಹಿರಿಯರು ಕೂತು ನಿಗದಿ ಮಾಡುತ್ತಾರೆ. ಬಂದ ನೀರಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇಲ್ಲೇ ಆವಿಯಾಗಿ ಹೋಗುತ್ತದೆ.

ಹೀಗಾಗಿ ಅಲ್ಲೂ ಮೇಲಿನವರು-ಕೆಳಗಿನವರು ಎಂಬ ಜಗಳ ತಪ್ಪಿದ್ದಲ್ಲ. ಬೇಸಿಗೆಯಲ್ಲಿ ಮಾರ್ಕಲಾದಿಂದ ಕೆಳಗೆ ಕನಿಷ್ಠ ಸೆಕೆಂಡಿಗೆ 40 ಘನ ಮೀಟರ್ ಬಿಡಬೇಕೆಂದು ಒಪ್ಪಂದವಿದೆ, ನಮ್ಮ ಲೆಕ್ಕದಲ್ಲಿ 1,400 ಕ್ಯೂಸೆಕ್. ಗಿನಿ ದೇಶ ಮೇಲ್ಭಾಗದಲ್ಲಿ ಫೋಮಿ ಎಂಬ ಅಣೆಕಟ್ಟಿನ ಯೋಜನೆಯನ್ನು ದಶಕಗಳಿಂದ ಇಟ್ಟುಕೊಂಡಿದೆ. ಕಟ್ಟಿದರೆ ಆಫೀಸ್ ದು ನೀಜೆರ್ ಗದ್ದೆಗೆ ಬೇಸಿಗೆ ನೀರು ಸಿಗುತ್ತದೆ, ಮೋಪ್ಟಿಯ ಪ್ರವಾಹ ಕುಗ್ಗುತ್ತದೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2008ರ ಸುಮಾರಿಗೆ ಲಿಬಿಯಾಕ್ಕೆ 1 ಲಕ್ಷ ಹೆಕ್ಟೇರ್ ಕೊಡುವ ಕರಾರಾಗಿ 40 ಕಿಲೋಮೀಟರ್ ನಾಲೆಯನ್ನೂ ತೋಡಿದ್ದರು. 2011ರಲ್ಲಿ ಗಡಾಫಿ ಹೋದ ಮೇಲೆ ಅದು ಹಾಗೇ ಉಳಿಯಿತು.

ಜನಸಂಖ್ಯೆ: 1960ರ ಸೆಪ್ಟೆಂಬರ್ 22ರಂದು ಸ್ವತಂತ್ರವಾದಾಗ ಸುಮಾರು 50 ಲಕ್ಷ. 2022ರ ಜನಗಣತಿಯಲ್ಲಿ 2 ಕೋಟಿ 20 ಲಕ್ಷದ ಮೇಲೆ. ಅಂದಿನ ಬಮಾಕೊ ಒಂದೂವರೆ ಲಕ್ಷವೂ ಇಲ್ಲದ ಊರು, ಈಗ 40 ಲಕ್ಷ ದಾಟಿದೆ. ಹೊಳೆಗೆ ಮೂರು ಸೇತುವೆ, ಮೂರನೆಯದು ಚೀನಾ 2011ರಲ್ಲಿ ಕಟ್ಟಿದ್ದು. ದೇಶದ ಅರ್ಧದಷ್ಟು ಮಂದಿ ಹೈಸ್ಕೂಲು ವಯಸ್ಸಿನವರು ಅಥವಾ ಅದಕ್ಕೂ ಚಿಕ್ಕವರು. ಇಷ್ಟು ಮಕ್ಕಳಿಗೆ ಶಾಲೆ, ಆಮೇಲೆ ಕೆಲಸ ಎಲ್ಲಿಂದ ತರುವುದು ಎಂಬುದೇ ಆ ದೇಶದ ನಿಜವಾದ ಲೆಕ್ಕ. ಚಿನ್ನ, ಹತ್ತಿ ಎಲ್ಲ ಆಮೇಲಿನ ಮಾತು.

ಹಡಗು ಮಾಲು, ಮೂಲ ಹುಣಸೂರು, ಈಗ ಅಬಿಜಾನ್

ಸಾಗಣೆ ನನ್ನ ಕಸುಬು, ಅದಕ್ಕೇ ಬಾಯಿ ಹಾಕ್ತಿದೀನಿ. ಡಾಕರ್‌ನಿಂದ ಬಮಾಕೊಗೆ ರಸ್ತೆ 1,200 ಕಿಲೋಮೀಟರ್ ಮೇಲೆ, ಐವರಿ ಕೋಸ್ಟ್‌ನ ನಮ್ಮ ಅಬಿಜಾನ್ ಬಂದರಿನಿಂದಲೂ ಹೆಚ್ಚೂಕಮ್ಮಿ ಅಷ್ಟೇ. ಫ್ರೆಂಚರ ಕಾಲದ ಡಾಕರ್–ನೈಜರ್ ರೈಲು ಇತ್ತು, ಹಾಳುಬಿದ್ದು 2018ರಲ್ಲಿ ನಿಂತೇ ಹೋಯ್ತು. 2023ರಲ್ಲಿ ಬಮಾಕೊ–ಕೇಯ್ಸ್ ನಡುವೆ ಮಾತ್ರ ಪ್ಯಾಸೆಂಜರ್ ಗಾಡಿ ಮತ್ತೆ ಬಿಟ್ಟರು. ಬಂದರಿನ ಸರಕೆಲ್ಲ ಲಾರಿ ಮೇಲೇ. ಹೋಗುವಾಗ ಪೆಟ್ರೋಲು, ಸಿಮೆಂಟು, ಗೊಬ್ಬರ, ಬರುವಾಗ ಹತ್ತಿ, ಮಾವಿನಹಣ್ಣಿನ ಕಾಲದಲ್ಲಿ ಸಿಕಾಸೊ ಮಾವು, ಬಕ್ರೀದ್ ಮುಂಚೆ ಕುರಿ. ಬಹಳ ಲಾರಿ ಖಾಲಿ ಬರ್ತವೆ, ಆ ಖಾಲಿ ಬಾಡಿಗೆಯನ್ನೂ ಹೋಗುವ ಮಾಲಿನ ಮೇಲೇ ಹಾಕ್ತಾರೆ.

2022ರ ಜನವರಿಯಿಂದ ಜುಲೈವರೆಗೆ ನೆರೆ ದೇಶಗಳ ಒಕ್ಕೂಟ ನಿರ್ಬಂಧ ಹಾಕಿ ಗಡಿ ಮುಚ್ಚಿತ್ತು, ಮಿಲಿಟರಿಯವರು ಎಲೆಕ್ಷನ್ ಮುಂದೂಡ್ತಿದ್ದಾರೆ ಅಂತ. ಹತ್ತಿ ಬೇಲು ಮಾಲಿಯಲ್ಲೇ ಕೊಳೀತಾ ಬಿದ್ದಿತ್ತು. ಗಿನಿ, ಮಾರಿಟೇನಿಯಾ ಬಾಗಿಲು ತೆರೆದಿಟ್ಟವು. ಈಗ ಮಾಲಿ ಆ ಒಕ್ಕೂಟವನ್ನೇ ಬಿಟ್ಟು, ನೈಜರ್ ಮತ್ತು ಬುರ್ಕಿನಾ ಜೊತೆ ಬೇರೆ ಕೂಟ ಮಾಡಿಕೊಂಡಿದೆ. ಮೂರಕ್ಕೂ ಸಮುದ್ರ ಇಲ್ಲ. ನನಗೆ ಆ ಲೆಕ್ಕ ಇನ್ನೂ ಹತ್ತಿಲ್ಲ.

ಸರಸ್ವತಿಪುರಂ ಅಕ್ಕ, ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮ ರಬ್ಬರ್ ರೋಲ್ ಕಥೆ ಎರಡು ಸಲ ಓದಿದ. ಮದ್ದೂರಿನ ಅಣ್ಣ, ದುಡ್ಡಿನ ವಿಷಯ, ಮತ್ತೆ ಹೋಗಬಹುದಾ ಅನ್ನೋದು ಬಾಕಿ ಇದೆ. ಏಜೆಂಟ್ ಈಗ ಹೊಸ ರಾಗ, ಸೆಗು ಬದಲು ಮೊದಲು ಕೇಯ್ಸ್‌ನಲ್ಲಿ ಸ್ವಲ್ಪ ದಿನ ಇರಬೇಕಾಗಬಹುದು ಅಂತಿದ್ದಾರೆ.

ಕೊನೇ ಭಾಗದ ರೈತ, ಮದ್ದೂರು

ಮೊದಲು ದುಡ್ಡು. ಅಲ್ಲಿನದು ಸಿಎಫ್‌ಎ ಫ್ರಾಂಕ್, ಎಂಟು ದೇಶಕ್ಕೆ ಒಂದೇ ನೋಟು. ಯೂರೋಗೆ ಕಟ್ಟಿಹಾಕಿದ್ದಾರೆ, 1 ಯೂರೋ ಅಂದ್ರೆ 655.957 ಫ್ರಾಂಕ್, ಅದು ಅಲ್ಲಾಡಲ್ಲ. ಹಂಗಾಗಿ ಸಂಬಳ ಫ್ರಾಂಕಲ್ಲಿ ಕೊಟ್ರೂ ರಾತ್ರೋರಾತ್ರಿ ಕರಗಿ ಹೋಗೋ ಭಯ ಕಮ್ಮಿ. ಆದ್ರೆ ಸಾಮಾನೆಲ್ಲ ಆ 1,200 ಕಿಲೋಮೀಟರ್ ಲಾರಿ ಹತ್ತಿ ಬಂದದ್ದು, ಸೋಪಿಂದ ಹಿಡಿದು ಎಲ್ಲ ದುಬಾರಿ. ಮೂರು ಪಟ್ಟು ಸಂಬಳ ಅನ್ನೋದನ್ನ ಕೈಗೆ ಉಳಿಯೋ ಲೆಕ್ಕದಲ್ಲಿ ಎರಡು ಪಟ್ಟು ಅಂದ್ಕೊಳ್ಳಿ.

ದೇಶಕ್ಕೆ ದುಡ್ಡು ಎಲ್ಲಿಂದ ಅಂದ್ರಿ. ಚಿನ್ನ. ರಫ್ತಿನಲ್ಲಿ ನಾಲ್ಕರಲ್ಲಿ ಮೂರು ಭಾಗಕ್ಕೂ ಜಾಸ್ತಿ ಅದೇ. 2022, 2023ರಲ್ಲಿ ದೊಡ್ಡ ಗಣಿಗಳಿಂದಲೇ ವರ್ಷಕ್ಕೆ 60 ಟನ್ ಮೇಲೆ ತೆಗೆದ್ರು. ನಮ್ಮ ಹಟ್ಟಿ ಚಿನ್ನದ ಗಣಿಯಲ್ಲಿ ವರ್ಷಕ್ಕೆ ಬರೋದು ಒಂದೂವರೆ ಟನ್ ಆಸುಪಾಸು. ಇದಲ್ಲದೆ ಗುಂಡಿ ತೋಡಿ ಬುಟ್ಟೀಲಿ ಮಣ್ಣೆತ್ತಿ ಚಿನ್ನ ಜಾಲಿಸೋರು ಲಕ್ಷಾಂತರ ಜನ, ಅದಕ್ಕೆ ಲೆಕ್ಕವೇ ಇಲ್ಲ. ನಮ್ಮ ಮಿಲ್ಲಲ್ಲಿ ಕೆಲಸಕ್ಕಿದ್ದ ಹುಡುಗರು ಬೇಸಿಗೆ ಬಂತು ಅಂದ್ರೆ ಗುಂಡಿ ಕಡೆ ಹೊರಟುಬಿಡೋರು. ಕೆಲವರು ಜಕಾರ್ತಾ ಅಂತ ಅಲ್ಲಿ ಕರೆಯೋ ಸಣ್ಣ ಬೈಕು ಹೊಸದು ತಗೊಂಡು ವಾಪಸ್ಸು ಬಂದ್ರು, ಒಬ್ಬ ಬರಲೇ ಇಲ್ಲ, ಗುಂಡಿ ಕುಸಿದು ಹೋಯ್ತಂತೆ. ಈಗ ಬುಗುನಿ ಕಡೆ ಲಿಥಿಯಂ ಗಣಿನೂ ಶುರುವಾಗಿದೆ. ಚಿನ್ನ ಬಿಟ್ರೆ ಹತ್ತಿ. ಆಫ್ರಿಕಾದಲ್ಲಿ ಹತ್ತಿಗೆ ಮೊದಲ ಸ್ಥಾನ ಒಂದು ವರ್ಷ ಮಾಲಿ, ಇನ್ನೊಂದು ವರ್ಷ ಬೆನಿನ್. ಬೆಳೆದದ್ದರಲ್ಲಿ ಅಲ್ಲೇ ನೂಲಾಗೋದು ಚೂರುಪಾರು, ಮಿಕ್ಕಿದ್ದೆಲ್ಲ ಬೇಲಾಗಿ ಹಡಗಿಗೆ. ಆಮೇಲೆ ದನ, ಕುರಿ. ಅದೂ ಸಾಲದಿದ್ರೆ ಫ್ರಾನ್ಸಲ್ಲಿ ದುಡಿಯೋ ಕೇಯ್ಸ್ ಹುಡುಗರು ಕಳಿಸೋ ದುಡ್ಡು. ಕೇಯ್ಸ್ ಹಳ್ಳಿಗಳಲ್ಲಿ ಮಸೀದಿ, ನೀರಿನ ಟ್ಯಾಂಕು, ಆಸ್ಪತ್ರೆ ಎಲ್ಲ ಆ ದುಡ್ಡಲ್ಲಿ ಎದ್ದವು.

ಈಗ ಅಸಲು ಮಾತು. ನಾನಿದ್ದಾಗಲೂ ಪೂರ್ತಿ ನೆಮ್ಮದಿ ಇರಲಿಲ್ಲ. 2012ರಲ್ಲಿ ಉತ್ತರದಲ್ಲಿ ಬಂಡಾಯ ಎದ್ದು, ಬಮಾಕೊದಲ್ಲಿ ಸರ್ಕಾರ ಉರುಳಿ, ಮರುವರ್ಷ ಫ್ರೆಂಚ್ ಸೈನ್ಯ ಬಂದಿತ್ತು. ಆದ್ರೂ ಸೆಗುನಲ್ಲಿ ರಾತ್ರಿ ಹೊಳೆ ದಂಡೇಲಿ ಮೀನು ತಿಂದು ನಡ್ಕೊಂಡು ರೂಮಿಗೆ ಬರ್ತಿದ್ವಿ. ಆಮೇಲೆ ಬೆಂಕಿ ನಡು ಭಾಗಕ್ಕೆ ಇಳೀತು. 2020, 2021 ಎರಡು ಸಲ ಮಿಲಿಟರಿ ಸರ್ಕಾರ ಕಿತ್ತುಹಾಕ್ತು, ಫ್ರೆಂಚರು ಹೋದ್ರು, ವಿಶ್ವಸಂಸ್ಥೆ ಸೈನ್ಯ 2023ರ ಕೊನೇಲಿ ಹೋಯ್ತು. ನಾನು ಓಡಾಡಿದ ನಾಲೆ ಏರಿಗಳಲ್ಲಿ ಈಗ ನನ್ನ ಹಳೇ ಹೆಲ್ಪರ್ ಕೂಡ ಓಡಾಡಲ್ಲ. ಅವನು ವಾಟ್ಸಾಪಲ್ಲಿ ಹೇಳ್ತಾನೆ, ಕೊಯ್ಲಿಗೆ ಗದ್ದೆಗೆ ಹೋಗೋಕೂ ಬಂದೂಕಿನವರ ಅಪ್ಪಣೆ ಬೇಕಂತೆ.

2025ರ ಸೆಪ್ಟೆಂಬರಿಂದ ಏನಾಯ್ತು ಗೊತ್ತಾ? ಉಗ್ರರು ಬಮಾಕೊ ಮೇಲೆ ದಂಡೆತ್ತಿ ಹೋಗಲಿಲ್ಲ. ಡಾಕರ್, ಅಬಿಜಾನ್ ರಸ್ತೇಲಿ ಬರೋ ಪೆಟ್ರೋಲ್ ಟ್ಯಾಂಕರ್ ಸುಟ್ರು, ಅಷ್ಟೆ. ಬಂಕುಗಳು ಬತ್ತಿದವು, ಕರೆಂಟಿಗೂ ಡೀಸೆಲ್ಲೇ ಬೇಕಲ್ಲ, ಅದೂ ಹೋಯ್ತು. ಅಕ್ಟೋಬರ್ ಕೊನೇಲಿ ದೇಶದ ಶಾಲೆ-ಕಾಲೇಜೆಲ್ಲ ಎರಡು ವಾರ ಮುಚ್ಚಿದ್ರು. ಸಮುದ್ರ ಇಲ್ಲ ಅಂದ್ರೆ ಏನು ಅಂತ ಕೇಳಿದ್ರಲ್ಲ ಅಕ್ಕ, ಇದು. ಎರಡು ರಸ್ತೆ ಹಿಡಿದ್ರೆ ರಾಜಧಾನಿಯ ಉಸಿರು ಹಿಡಿದಂಗೆ.

ಇನ್ನು ಕೇಯ್ಸ್. 2025ರ ಜುಲೈ 1ರಂದು ಕೇಯ್ಸ್‌ನ ಸಿಮೆಂಟ್ ಕಾರ್ಖಾನೆ ಒಳಗೇ ನುಗ್ಗಿ ಮೂರು ಜನ ಭಾರತೀಯರನ್ನ ಎತ್ಕೊಂಡು ಹೋದ್ರು. ನವೆಂಬರಲ್ಲಿ ಪಶ್ಚಿಮದಲ್ಲೇ ಕೋಬ್ರಿ ಅನ್ನೋ ಕಡೆ ಕರೆಂಟ್ ಲೈನ್ ಕೆಲಸಕ್ಕಿದ್ದ ಐದು ಜನರನ್ನ. ಅವರೂ ನಿಮ್ಮ ತಮ್ಮನಂಥ ಕೈಕಸುಬಿನ ಹುಡುಗರೇ. ಏಜೆಂಟ್ ಸೆಗು ಅಂದವನು ಈಗ ಕೇಯ್ಸ್ ಅಂತಾನೆ ಅಂದ್ರೆ, ಇಳಿದ ಮೇಲೆ ಇನ್ನೆಲ್ಲಿಗೆ ಹಾಕ್ತಾನೋ. ಬೇಡ. ಈಗ ಬೇಡ. ಆ ದೇಶ ನನಗೆ ಅನ್ನ ಹಾಕಿದೆ, ಅದರ ಮೇಲೆ ಒಂದು ಕೆಟ್ಟ ಮಾತು ಆಡಲ್ಲ, ಆದ್ರೂ ನನ್ನ ತಮ್ಮನಾಗಿದ್ರೆ ಪಾಸ್‌ಪೋರ್ಟ್ ಕಿತ್ಕೊಂಡು ಬೀರುವಲ್ಲಿ ಇಡ್ತಿದ್ದೆ.

ಏಜೆಂಟಿಗೆ ಅಡ್ವಾನ್ಸ್ ಕೊಟ್ಟಿದ್ರೆ ಕಾಗದದಲ್ಲಿ ಬರೆಸ್ಕೊಂಡಿದ್ದೀರಾ ನೋಡಿ. ಆಫರ್ ಲೆಟರಲ್ಲಿ ಊರಿನ ಹೆಸರು ಇಲ್ಲದಿದ್ರೆ ಅದೇ ನೆಪ ಹಿಡಿದು ವಾಪಸ್ ಕೇಳಿ. ಬಮಾಕೊದಲ್ಲಿ ನಮ್ಮ ರಾಯಭಾರ ಕಚೇರಿ ಇದೆ, ಕಂಪನಿ ಹೆಸರು ಹಾಕಿ ಒಂದು ಇಮೇಲ್ ಕಳಿಸಿದ್ರೆ ಅದು ನಿಜವಾಗ್ಲೂ ಇದೆಯಾ ಅಂತಾನಾದ್ರೂ ಗೊತ್ತಾಗ್ತದೆ.

ಸರಸ್ವತಿಪುರಂ ಅಕ್ಕ, ಮೈಸೂರು

ಲೆಟರ್ ತೆಗೆದು ನೋಡಿದೆ. ಊರಿನ ಹೆಸರೇ ಇಲ್ಲ, "ಮಾಲಿ ಮತ್ತು ನೆರೆ ದೇಶಗಳಲ್ಲಿ ಎಲ್ಲಿ ಬೇಕಾದರೂ" ಅಂತಿದೆ. ಅಡ್ವಾನ್ಸ್ ಸ್ವಲ್ಪ ಹೋಗಿದೆ, ನಾಳೆ ಹೋಗಿ ಕೇಳ್ತೀವಿ. ತಮ್ಮ ಮುಖ ಊದಿಸ್ಕೊಂಡಿದ್ದಾನೆ. ಅಬಿಜಾನ್‌ನಲ್ಲಿರುವವರು ಹೇಳಿ, ನಿಮ್ಮ ಕಡೆ ಈ ಮಿಲ್ಲಿನ ಕೆಲಸ ಇರತ್ತಾ?

ಹಡಗು ಮಾಲು, ಮೂಲ ಹುಣಸೂರು, ಈಗ ಅಬಿಜಾನ್

ಇದೆ. ಕೋತ್ ದಿವಾರ್‌ನಲ್ಲೂ (ಐವರಿ ಕೋಸ್ಟ್) ಭತ್ತ ಬೆಳೀತಾರೆ, ಬುವಾಕೆ, ಯಾಮುಸುಕ್ರೊ ಕಡೆ ಮಿಲ್ಲುಗಳಿವೆ, ಫ್ರಾಂಕೂ ಅದೇ. ಬಂದರು ಇರೋದರಿಂದ ರಬ್ಬರ್ ರೋಲ್ ಸಿಗತ್ತೆ. ಉತ್ತರದ ಗಡಿ ಜಿಲ್ಲೆಗಳನ್ನ ಮಾತ್ರ ಬಿಡಲಿ. ತಮ್ಮ ಅಷ್ಟರಲ್ಲಿ ಮಾತಾಡೋಷ್ಟು ಫ್ರೆಂಚ್ ಕಲಿಯಲಿ. ಹಳದಿ ಜ್ವರದ ಲಸಿಕೆ ಕಡ್ಡಾಯ, ಹೊರಡೋಕೆ 10 ದಿನ ಮುಂಚೆಯಾದ್ರೂ ಹಾಕಿಸಿರಬೇಕು. ಏಜೆಂಟ್ ಬೇಡ, ಅವನು ಯಾವ ಯಾವ ಕಂಪನಿ ಮೆಷಿನ್ ಬಿಚ್ಚಿ ಕೂರಿಸಿದ್ದಾನೆ ಅಂತ ಒಂದು ಪಟ್ಟಿ ಮಾಡಿ ಇಲ್ಲೇ ಮೆಸೇಜ್ ಹಾಕಿ, ನಾನು ಎರಡು ಕಡೆ ಕೇಳಿ ನೋಡ್ತೀನಿ.